ಪ್ಯಾಕೆಟ್ ತಿರುಗಿಸಿ ನೋಡಿ: ಇಂಗ್ಲೆಂಡಿಗೆ ಹೊಸದಾಗಿ ಬಂದವರು ಮಾಂಸ ಕೊಳ್ಳುವ ಮುಂಚೆ

ಪ್ರತಿ ವರ್ಷ ಸೆಪ್ಟೆಂಬರ್ ಬಂತು ಅಂದರೆ ಲೀಡ್ಸ್‌ಗೆ ಓದಲು ಬಂದ ನಮ್ಮ ಕಡೆಯ ಹುಡುಗ ಹುಡುಗಿಯರ ಫೋನ್ ಶುರುವಾಗುತ್ತದೆ. "ಅಕ್ಕ, ಇಲ್ಲಿ ಏನು ತಿನ್ನಬಹುದು, ಏನು ತಿನ್ನಬಾರದು ಒಂದೂ ಗೊತ್ತಾಗ್ತಿಲ್ಲ." ಮೊದಲ ಶನಿವಾರ ಅವರನ್ನು ಕರೆದುಕೊಂಡು ಸೂಪರ್‌ಮಾರ್ಕೆಟ್‌ಗೆ ಹೋಗುತ್ತೇನೆ. ಒಂದೂವರೆ ಗಂಟೆ ಹಿಡಿಯುತ್ತದೆ. ಎಲ್ಲರಿಗೂ ಬರಲು ಆಗುವುದಿಲ್ಲ. ಅದಕ್ಕೇ ಅಲ್ಲಿ ಹೇಳುವುದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ನನಗೆ ಈ ಅಭ್ಯಾಸ ಹತ್ತಿದ್ದು 2013ರ ಜನವರಿಯಲ್ಲಿ. ಹಾಸನದಿಂದ ಬಂದು ಎರಡು ವರ್ಷ ಆಗಿತ್ತು. ಅತ್ತೆ ಆರು ತಿಂಗಳು ಇದ್ದು ಹೋಗೋಣ ಅಂತ ಬಂದಿದ್ದರು. ಕೈಮ ಉಂಡೆ ಸಾರು ಮಾಡೋಣ ಎಂದು ಲ್ಯಾಂಬ್ ಮಿನ್ಸ್, ಅಂದರೆ ಅರೆದ ಕುರಿಮರಿ ಮಾಂಸದ ಪ್ಯಾಕೆಟ್ ಬಿಚ್ಚಿಟ್ಟು ಈರುಳ್ಳಿ ಹೆಚ್ಚುತ್ತಿದ್ದೆ. ಟೀವಿಯಲ್ಲಿ ಒಂದು ಬರ್ಗರ್ ತೋರಿಸುತ್ತಿದ್ದರು, ಆಮೇಲೆ ಒಂದು ಕುದುರೆ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. "ಏನಂತೆ ಅದು?" ಎಂದರು. ದನದ ಮಾಂಸ ಅಂತ ಮಾರಿದ ಬರ್ಗರ್‌ನಲ್ಲಿ ಕುದುರೆ ಮಾಂಸ ಸಿಕ್ಕಿದೆಯಂತೆ ಎಂದೆ. ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಕುದುರೆ ತಿನ್ನೋರು ತಿನ್ಲಿ ಕಣಮ್ಮ, ಅದು ಅವರೂರಿನ ರೂಢಿ. ತಿನ್ನೋರಿಗೆ ಹೇಳ್ದೆ ತಿನ್ಸಿದ್ರಲ್ಲ, ಅದು ಅನ್ಯಾಯ." ಆಮೇಲೆ ನನ್ನ ಮುಂದಿದ್ದ ಪ್ಯಾಕೆಟ್ ಕಡೆ ಕೈ ತೋರಿಸಿದರು. "ಇದು ಕುರೀದೇ ಅಂತ ನಿಂಗೆ ಹೆಂಗ್ ಗೊತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇಲೆ ಬರೆದಿದೆ ಎಂದೆ. ಬರ್ಗರ್ ಮೇಲೂ ಬರೆದಿತ್ತಲ್ವಾ ಎಂದರು.

ಅವತ್ತು ಆದದ್ದೇನು

ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರ ಅಂಗಡಿಗಳಿಂದ 27 ಬಗೆಯ ಬೀಫ್ ಬರ್ಗರ್ ತಂದು ಡಿಎನ್ಎ ಪರೀಕ್ಷೆ ಮಾಡಿಸಿತ್ತು. 2013ರ ಜನವರಿ 15ರಂದು ಫಲಿತಾಂಶ ಹೊರಗೆ ಬಂತು. 10 ಬಗೆಯಲ್ಲಿ ಕುದುರೆ, 23ರಲ್ಲಿ ಹಂದಿ. ಜಾಸ್ತಿ ಕಡೆ ಇದ್ದದ್ದು ಬರೀ ಕುರುಹು. ಆದರೆ ಟೆಸ್ಕೋ ಸೂಪರ್‌ಮಾರ್ಕೆಟ್‌ನ ಅಗ್ಗದ ಬರ್ಗರ್ ಒಂದರಲ್ಲಿ ಮಾಂಸದ 29% ಕುದುರೆಯದೇ ಆಗಿತ್ತು. ಫೆಬ್ರವರಿಯಲ್ಲಿ ಫಿಂಡಸ್ ಕಂಪನಿಯ ಬೀಫ್ ಲಸಾನ್ಯ, ಅಂದರೆ ಹಿಟ್ಟಿನ ಹಾಳೆಗಳ ನಡುವೆ ಮಾಂಸ ಹಾಕಿ ಬೇಯಿಸಿದ ತಿನಿಸು, ಸುದ್ದಿಯಾಯಿತು. 18 ಮಾದರಿ ಪರೀಕ್ಷಿಸಿದರೆ 11ರಲ್ಲಿ 60ರಿಂದ 100% ಕುದುರೆ. ಅಂದರೆ ಕೆಲವು ಡಬ್ಬಿಯಲ್ಲಿ ದನದ ಮಾಂಸ ಚೂರೂ ಇರಲಿಲ್ಲ.

ಆ ಲಸಾನ್ಯದ ಮಾಂಸ ಎಷ್ಟು ಊರು ಸುತ್ತಿತ್ತು ನೋಡಿ. ರೊಮೇನಿಯಾದ ಕಸಾಯಿಖಾನೆಯಿಂದ ಹೊರಡುವಾಗ ಅದು ಕುದುರೆ ಮಾಂಸ ಅಂತಲೇ ಹೊರಟಿತ್ತು. ನಡುವೆ ಸೈಪ್ರಸ್‌ನಲ್ಲಿ ನೋಂದಣಿಯಾದ ಕಂಪನಿ ಇಟ್ಟುಕೊಂಡಿದ್ದ ಒಬ್ಬ ಡಚ್ ದಳ್ಳಾಳಿ. ಆಮೇಲೆ ಫ್ರಾನ್ಸಿನ ಒಂದು ಮಾಂಸದ ಕಂಪನಿ. ಕೊನೆಗೆ ಲಕ್ಸೆಂಬರ್ಗ್‌ನ ಕಾರ್ಖಾನೆ. ಅಲ್ಲಿಂದ ನಮ್ಮ ಊರಿನ ಫ್ರೀಜರ್. ದಾರಿಯಲ್ಲಿ ಕುದುರೆ ಹೋಗಿ ದನ ಆಯಿತು, ಕುದುರೆ ಅಗ್ಗ ಅಲ್ವಾ. ಆ ದಳ್ಳಾಳಿಯ ಕಂಪನಿಯ ಹೆಸರು ಡ್ರಾಪ್. ಅದರ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿದರೆ ಡಚ್ ಭಾಷೆಯಲ್ಲಿ ಕುದುರೆ ಎನ್ನುವ ಪದ ಬರುತ್ತದೆ. 2019ರಲ್ಲಿ ಪ್ಯಾರಿಸ್‌ನ ಕೋರ್ಟ್ ಅವನಿಗೆ ಎರಡು ವರ್ಷ ಜೈಲು ಹಾಕಿತು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳಿದೆ ಅಂದರೆ, ಮಕ್ಕಳು ಸೂಪರ್‌ಮಾರ್ಕೆಟ್‌ನಲ್ಲಿ ಮೊದಲು ಕೇಳುವುದೇ "ಲೇಬಲ್ ಓದಿದರೆ ಸಾಕಾ ಅಕ್ಕ?" ಅಂತ. ಆ ಲಸಾನ್ಯದ ಲೇಬಲ್ ಓದಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ. ಆದ್ದರಿಂದ ಮೂರು ಸಂಗತಿಗಳನ್ನು ಬೇರೆ ಬೇರೆ ಮಾಡಿಕೊಳ್ಳಿ. ಒಂದು, ಬರೆದಿದೆ, ಆದರೆ ಆ ಪದ ನಮಗೆ ಗೊತ್ತಿಲ್ಲ. ಎರಡು, ಬರೆಯಲೇಬೇಕು ಅಂತ ಕಾನೂನೇ ಹೇಳುವುದಿಲ್ಲ. ಮೂರು, ಸುಳ್ಳು ಬರೆದಿದ್ದಾರೆ. ನಮ್ಮವರಿಗೆ ಆಗುವ ಮುಕ್ಕಾಲು ತೊಂದರೆ ಮೊದಲನೆಯದರಿಂದಲೇ ಅನ್ನುವುದು ಇಷ್ಟು ವರ್ಷದ ನನ್ನ ಅನುಭವ.

ಬರೆದದ್ದನ್ನು ಓದುವುದು

ಮುಂದಿನ ಚಿತ್ರ ನೋಡಬೇಡಿ. ಪ್ಯಾಕೆಟ್ ತಿರುಗಿಸಿ, 'ಇಂಗ್ರೀಡಿಯೆಂಟ್ಸ್' ಎಂಬ ಸಾಲು ಹುಡುಕಿ. ಯಾವುದು ತೂಕದಲ್ಲಿ ಜಾಸ್ತಿಯೋ ಅದು ಮೊದಲು ಬರುತ್ತದೆ, ಹಾಗೇ ಇಳಿಯುತ್ತಾ ಹೋಗುತ್ತದೆ. ಹೆಸರಿನಲ್ಲೋ ಚಿತ್ರದಲ್ಲೋ ಎತ್ತಿ ತೋರಿಸಿದ ಪದಾರ್ಥದ ಪಕ್ಕ ಶೇಕಡಾ ಎಷ್ಟು ಎಂದು ಹಾಕಿರಬೇಕು. ಸುಮ್ನೆ 'ಮಾಂಸ' ಎಂದು ಬರೆಯುವ ಹಾಗಿಲ್ಲ, ಯಾವ ಪ್ರಾಣಿಯದು ಎಂದು ಹೇಳಲೇಬೇಕು.

ಹೋದ ವರ್ಷ ಮಂಡ್ಯದ ಒಬ್ಬ ಹುಡುಗ ಫ್ರೀಜರ್‌ನಿಂದ ಒಂದು ಡೋನರ್ ಕಬಾಬ್ ಪ್ಯಾಕೆಟ್ ಎತ್ತಿಕೊಂಡ. ಕಬಾಬ್ ಅಂದರೆ ಕುರಿಯೇ ಅಂತ ಅವನ ಲೆಕ್ಕ. ತಿರುಗಿಸು ಎಂದೆ. ಮೊದಲ ಪದ ಬೀಫ್. ಎರಡನೆಯದು ಲ್ಯಾಂಬ್. ಮೂರನೆಯದು ಚಿಕನ್. ಆಮೇಲೆ ನೀರು, ಬ್ರೆಡ್ ಪುಡಿ, ಈರುಳ್ಳಿ. ಅವನ ಮನೆಯಲ್ಲಿ ದನದ ಮಾಂಸ ತಿನ್ನುವುದಿಲ್ಲ. ಅಂಗಡಿಯವರು ಅಡಗಿಸಿರಲಿಲ್ಲ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಬರೆದೇ ಇದ್ದರು. ಅವನು ಪ್ಯಾಕೆಟ್ ವಾಪಸ್ ಇಟ್ಟ. ಅವತ್ತಿನಿಂದ ಕಣ್ಣಿಗೆ ಕಂಡದ್ದನ್ನೆಲ್ಲ ತಿರುಗಿಸಿ ನೋಡುತ್ತಾನೆ.

ಇನ್ನು ಪದಗಳು. ಹ್ಯಾಮ್, ಬೇಕನ್, ಗ್ಯಾಮನ್, ಚೊರಿಜೊ, ಪ್ಯಾನ್ಚೆಟಾ ಎಲ್ಲ ಸಾಮಾನ್ಯವಾಗಿ ಹಂದಿಯೇ. ಸಾಸೇಜ್ ರೋಲ್ ಅಂದರೂ ಹಂದಿ. ಬೇರೆ ಮಾಂಸದ್ದಾದರೆ ಅದನ್ನು ಎದ್ದು ಕಾಣುವಂತೆ ಬರೆದಿರುತ್ತಾರೆ. ಹ್ಯಾಂಬರ್ಗರ್‌ನಲ್ಲಿ ಹ್ಯಾಮ್ ಇರುವುದಿಲ್ಲ, ಅದು ದನದ್ದು. ಪೆಪರೋನಿ ಪಿಜ್ಜಾ ಅಂದರೆ ಮೆಣಸಿನ ಪಿಜ್ಜಾ ಅಂತ ಎಷ್ಟು ಜನ ತಿಂದಿದ್ದಾರೋ! ಅದು ಹಂದಿ, ದನದ ಮಾಂಸದಿಂದ ಮಾಡಿದ ಸಾಸೇಜ್ ಬಿಲ್ಲೆ. ವೀಲ್ ಎಂದರೆ ಕರು, ವೆನಿಸನ್ ಎಂದರೆ ಜಿಂಕೆ. ಬ್ಲ್ಯಾಕ್ ಪುಡಿಂಗ್ ಸಿಹಿ ತಿಂಡಿಯಲ್ಲ, ಹಂದಿಯ ರಕ್ತ ಮತ್ತು ಕೊಬ್ಬಿನಿಂದ ಮಾಡಿದ್ದು. ಸ್ವೀಟ್‌ಬ್ರೆಡ್ ಬ್ರೆಡ್ಡೂ ಅಲ್ಲ, ಸಿಹಿಯೂ ಅಲ್ಲ. ಅದು ಕರುವಿನ ಅಥವಾ ಕುರಿಮರಿಯ ಗ್ರಂಥಿ. ಮಿನ್ಸ್‌ಮೀಟ್‌ನಲ್ಲಿ ಮಾತ್ರ ಈಗ ಮಾಂಸ ಇಲ್ಲ, ಒಣದ್ರಾಕ್ಷಿ, ಸೇಬು, ಮಸಾಲೆ. ಆದರೆ ಅದಕ್ಕೆ ಸ್ಯೂಯೆಟ್ ಹಾಕುವ ರೂಢಿ ಇದೆ. ಸ್ಯೂಯೆಟ್ ಎಂದರೆ ದನದ ಮೂತ್ರಪಿಂಡದ ಸುತ್ತ ಇರುವ ಕೊಬ್ಬು. ಕ್ರಿಸ್ಮಸ್ ಸಮಯದಲ್ಲಿ ಆಫೀಸಿನಲ್ಲಿ ಈ ಮಿನ್ಸ್‌ಮೀಟ್ ತುಂಬಿದ ಮಿನ್ಸ್ ಪೈ ಹಂಚುತ್ತಾರೆ, ಆಗ 'ವೆಜಿಟೇಬಲ್ ಸ್ಯೂಯೆಟ್' ಎಂದಿದೆಯಾ ನೋಡಿ. ಲಾರ್ಡ್ ಎಂದರೆ ಹಂದಿಯ ಕೊಬ್ಬು. ಟ್ಯಾಲೊ ದನದ್ದೋ ಕುರಿಯದ್ದೋ. ಡ್ರಿಪ್ಪಿಂಗ್ ಸಾಮಾನ್ಯವಾಗಿ ದನದ್ದು.

ಈ ಡ್ರಿಪ್ಪಿಂಗ್ ಬಗ್ಗೆ ಲೀಡ್ಸ್ ಇರುವ ಯಾರ್ಕ್‌ಶೈರ್‌ಗೆ ಬಂದವರಿಗೆ ಬೇರೆಯಾಗಿಯೇ ಹೇಳಬೇಕು. ಇಲ್ಲಿನ ಎಷ್ಟೋ ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ಆಲೂಗಡ್ಡೆ ಕರಿಯುವುದು ಎಣ್ಣೆಯಲ್ಲಲ್ಲ, ದನದ ಕೊಬ್ಬಿನಲ್ಲಿ. ಅದು ಅವರ ಹೆಮ್ಮೆ, ಬೋರ್ಡ್ ಮೇಲೂ ಬರೆದಿರುತ್ತಾರೆ. ಶಿವಮೊಗ್ಗ ಕಡೆಯ ಒಬ್ಬಳು ಹುಡುಗಿ, ಮೊಟ್ಟೆ ಕೂಡ ಮುಟ್ಟದವಳು, ಮೂರು ತಿಂಗಳು ವಾರಕ್ಕೆರಡು ಸಲ ಚಿಪ್ಸ್ ತಿಂದಿದ್ದಳು. ಬರೀ ಆಲೂಗಡ್ಡೆ ಅಲ್ವಾ ಅಂತ. ಒಂದು ಸಂಜೆ ಬೋರ್ಡ್ ಓದಿದಳು. ಆಮೇಲೆ ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತಳು. ನಾನು ಅವಳಿಗೆ ಉಪದೇಶ ಮಾಡಲಿಲ್ಲ. ಗೊತ್ತಿಲ್ಲದೆ ತಿಂದದ್ದು ನಿನ್ನ ತಪ್ಪಲ್ಲ ಪುಟ್ಟ ಎಂದೆ, ತಿಳಿಸಾರು ಅನ್ನ ಬಡಿಸಿದೆ. ಅವಳ ಅಳು ನೋಡಿದ ಮೇಲೆ, ಊಟದ ವಿಷಯ ಸಣ್ಣದು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ನೀವು ಸಸ್ಯಾಹಾರಿಗಳಾದರೆ ಚಿಪ್ಸ್ ಕೊಳ್ಳುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಯಾವುದರಲ್ಲಿ ಕರಿಯುತ್ತೀರಿ? ಮೀನು ಕರಿದ ಎಣ್ಣೆಯಲ್ಲೇ ಚಿಪ್ಸ್ ಕರಿಯುತ್ತೀರಾ ಅಂತಲೂ ಕೇಳಬಹುದು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮ ದೇಶದ ಹಸಿರು ಚುಕ್ಕಿ ಇಲ್ಲಿಲ್ಲ. 'ಸಸ್ಯಾಹಾರಿಗಳಿಗೆ ಸೂಕ್ತ' ಎಂದು ಬರೆಯುವುದು ಕಂಪನಿಯ ಇಷ್ಟ. ಬರೆದಿದ್ದರೆ ಒಳ್ಳೆಯದು. ಬರೆದಿಲ್ಲ ಅಂದ ಮಾತ್ರಕ್ಕೆ ಮಾಂಸ ಇದೆ ಅಂತಲ್ಲ, ಸಾಲು ಸಾಲು ಓದಬೇಕು ಅಷ್ಟೆ. ಇನ್ನೊಂದು, ಇಲ್ಲಿ ಮೊಟ್ಟೆಯನ್ನು ಸಸ್ಯಾಹಾರದಲ್ಲೇ ಸೇರಿಸುತ್ತಾರೆ. ಅಲರ್ಜಿ ತರುವ 14 ಪದಾರ್ಥಗಳನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಹಾಲು, ಮೊಟ್ಟೆ, ಮೀನು ಅದರಲ್ಲಿ ಬರುತ್ತವೆ, ಹಾಗಾಗಿ ಮೊಟ್ಟೆ ಬೇಗ ಕಣ್ಣಿಗೆ ಬೀಳುತ್ತದೆ. ದನ, ಹಂದಿ ದಪ್ಪಕ್ಷರದಲ್ಲಿ ಬರುವುದಿಲ್ಲ. ಕಣ್ಣಾಡಿಸಿ ಬಿಟ್ಟರೆ ತಪ್ಪಿಹೋಗುತ್ತದೆ.

ಬರೆದರೂ ಪೂರ್ತಿ ಹೇಳದವು

ಜೆಲಟಿನ್ ಎಂದು ಬರೆಯಬೇಕು, ಯಾವ ಪ್ರಾಣಿಯದು ಎಂದು ಬರೆಯಲೇಬೇಕಿಲ್ಲ. ಮೂಳೆ, ಚರ್ಮದಿಂದ ತೆಗೆಯುವ ಅಂಟು ಅದು. ಮಕ್ಕಳ ಮೆದು ಮಿಠಾಯಿ, ಮಾರ್ಷ್‌ಮ್ಯಾಲೊ, ಜೆಲ್ಲಿ, ಕೆಲವು ಮೊಸರಿನ ಕಪ್ಪುಗಳಲ್ಲೂ ಇರುತ್ತದೆ. ಹಂದಿಯದೋ ದನದ್ದೋ ಎಂದು ಎಷ್ಟೋ ಕಂಪನಿಗಳು ತಾವಾಗೇ ಹಾಕುತ್ತವೆ. 'ಅನಿಮಲ್ ಫ್ಯಾಟ್' ಅನ್ನುವುದೂ ಹೀಗೆಯೇ. ಯಾವ ಪ್ರಾಣಿ ಎಂದು ಹೇಳದೆ ಅಷ್ಟೇ ಬರೆಯಬಹುದು. ಅಂಥದ್ದನ್ನು ನಾನು ವಾಪಸ್ ಇಡುತ್ತೇನೆ.

ಚೀಸ್‌ಗೆ ಹಾಲು ಒಡೆಯಲು ಹಾಕುವ ರೆನೆಟ್ ಮೊದಲಿನಿಂದಲೂ ಕರುವಿನ ಹೊಟ್ಟೆಯಿಂದ ಬರುವುದು. ನಮ್ಮ ಹೆಪ್ಪಿನ ಹಾಗಲ್ಲ. ಇಲ್ಲಿನ ಚೆಡಾರ್‌ಗಳಲ್ಲಿ ಬಹಳಷ್ಟು ಈಗ ಸಸ್ಯಾಹಾರಿ ರೆನೆಟ್‌ನವು, ಹಾಗೆಂದು ಬರೆದೂ ಇರುತ್ತಾರೆ. ಇಟಲಿಯ ಪಾರ್ಮಿಜಾನೊ ರೆಜಾನೊಗೆ ಮಾತ್ರ ನಿಯಮದ ಪ್ರಕಾರವೇ ಕರುವಿನ ರೆನೆಟ್. ಪದಾರ್ಥದ ಪಟ್ಟಿಯಲ್ಲಿ ಬರುವ ಇ471 ಎಂಬ ಕೊಬ್ಬಿನಂಶ ಗಿಡದ್ದೂ ಆಗಬಹುದು, ಪ್ರಾಣಿಯದೂ ಆಗಬಹುದು. ಇ120 ಎಂದರೆ ಕಾರ್ಮೈನ್, ಒಂದು ಜಾತಿಯ ಹುಳ ಒಣಗಿಸಿ ತೆಗೆದ ಕೆಂಪು ಬಣ್ಣ. ಬಿಯರ್, ವೈನ್ ತಿಳಿಯಾಗಿಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುವುದುಂಟು. ಅದನ್ನು ಬಾಟಲಿ ಮೇಲೆ ಹಾಕಬೇಕಿಲ್ಲ.

ಹೋಟೆಲ್, ಟೇಕ್‌ಅವೇಗಳಲ್ಲಿ ಅಲರ್ಜಿಯ ವಿಷಯ ಹೇಳುವುದು ಕಡ್ಡಾಯ, ಪೂರ್ತಿ ಪದಾರ್ಥದ ಪಟ್ಟಿ ಕೊಡುವುದು ಕಡ್ಡಾಯವಲ್ಲ. ಅಂಗಡಿಯಲ್ಲೇ ಮಾಡಿ ಅಲ್ಲೇ ಪ್ಯಾಕ್ ಮಾಡಿದ ಸ್ಯಾಂಡ್‌ವಿಚ್‌ನಂಥವಕ್ಕೆ ಮಾತ್ರ 2021ರ ಅಕ್ಟೋಬರ್‌ನಿಂದ ಪೂರ್ತಿ ಪಟ್ಟಿ ಅಂಟಿಸಬೇಕು.

ಸುಳ್ಳು ಬರೆದಿದ್ದರೆ

ಇದಕ್ಕೆ ಮನೆಯಲ್ಲಿ ಪರೀಕ್ಷೆ ಇಲ್ಲ. ಬಣ್ಣ, ವಾಸನೆ ನೋಡಿ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ. ಮಸಾಲೆ ಬಿದ್ದ ಮೇಲೆ ಕುರಿ, ದನ ಗುರುತು ಹಿಡಿಯುವುದು ಕಷ್ಟ. ಎಲ್ಲಿ ಸುಳ್ಳಿಗೆ ಜಾಗ ಜಾಸ್ತಿ ಎಂದು ತಿಳಿದುಕೊಂಡು ಅಲ್ಲಿಂದ ದೂರ ಇರಬಹುದು, ಅಷ್ಟೇ.

ದನ ತಿನ್ನದವರು ಇದನ್ನು ಗಮನವಿಟ್ಟು ಓದಿ. ಕುದುರೆ ಗಲಾಟೆ ಆದ ಮೇಲೆ ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ (ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ) ಟೇಕ್‌ಅವೇಗಳ ಲ್ಯಾಂಬ್ ಊಟವನ್ನು ಪರೀಕ್ಷೆ ಮಾಡಿಸಿತು. 145 ಮಾದರಿಗಳಲ್ಲಿ 43ರಲ್ಲಿ ಬೇರೆ ಮಾಂಸ ಇತ್ತು. 25ರಲ್ಲಿ ಇದ್ದದ್ದು ಬರೀ ದನದ ಮಾಂಸ, ಕುರಿ ಇರಲೇ ಇಲ್ಲ. 2014ರಲ್ಲಿ ನಮ್ಮ ವೆಸ್ಟ್ ಯಾರ್ಕ್‌ಶೈರ್‌ನ ಸರ್ಕಾರಿ ಪ್ರಯೋಗಾಲಯ ಸುಮಾರು 900 ಆಹಾರ ಮಾದರಿ ನೋಡಿದಾಗ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಹೇಳಿದಂತಿರಲಿಲ್ಲ. ಬೀಫ್ ಮಿನ್ಸ್‌ನಲ್ಲಿ ಹಂದಿ, ಕೋಳಿ, ಹ್ಯಾಮ್ ಎಂದು ಕೊಟ್ಟದ್ದು ಕೋಳಿ ಜಾತಿಯ ಮಾಂಸ, ಹೀಗೆ. ಕೋಳಿಯೂ ಪೂರ್ತಿ ಸುರಕ್ಷಿತ ಅಂತಲ್ಲ. ನೀರು ಹಿಡಿದಿಡಲು ಕೋಳಿಯ ಎದೆ ಮಾಂಸಕ್ಕೆ ಚುಚ್ಚುವ ಪುಡಿಯಲ್ಲಿ ದನ, ಹಂದಿಯ ಪ್ರೋಟೀನ್ ಇದ್ದದ್ದು 2009ರಲ್ಲಿ ಬೆಳಕಿಗೆ ಬಂತು. ಅದು ಹೋಟೆಲ್ ಅಡುಗೆಮನೆಗಳಿಗೆ ಹೋಗುವ ಕೋಳಿ.

ಇದರಿಂದ ನಾನು ಕಲಿತದ್ದು: ಮಾಂಸ ಎಷ್ಟು ಸಣ್ಣ ಚೂರಾಗಿದೆಯೋ, ಎಷ್ಟು ಕೈ ದಾಟಿದೆಯೋ, ಅಷ್ಟು ಅನುಮಾನ. ದನದ ಮಾಂಸವನ್ನು ಮೂಳೆ ಸಮೇತ ಇರುವ ಕುರಿ ತೊಡೆ ಮಾಡಲು ಆಗುವುದಿಲ್ಲ. ಉಂಡೆ, ಬರ್ಗರ್, ಲಸಾನ್ಯ, ಅಗ್ಗದ ಕಬಾಬ್‌ಗಳಲ್ಲಿ ಆಗುತ್ತದೆ. ಬೆಲೆಯನ್ನೂ ನೋಡಿ. ಹಸಿ ಲ್ಯಾಂಬ್ ಕಿಲೋಗೆ ಎಷ್ಟಿದೆ, ಅದೇ ಊರಿನಲ್ಲಿ ಒಂದು ಡಬ್ಬಿ ಲ್ಯಾಂಬ್ ಸಾರು ಅನ್ನ ಎಷ್ಟಕ್ಕೆ ಕೊಡುತ್ತಿದ್ದಾರೆ, ಲೆಕ್ಕ ಕೂಡಿಬರುತ್ತದಾ? ಹಸಿ ದನದ ಮಾಂಸ, ಕುರಿ, ಮೇಕೆ, ಕೋಳಿ ಪ್ಯಾಕೆಟ್ ಮೇಲೆ ಯಾವ ದೇಶದಲ್ಲಿ ಸಾಕಿದ್ದು, ಎಲ್ಲಿ ಕಡಿದದ್ದು ಎಂದು ಇರುತ್ತದೆ. ಮೊಟ್ಟೆಯಾಕಾರದ ಸಣ್ಣ ಮುದ್ರೆಯೊಂದೂ ಇರುತ್ತದೆ. ಅದು ಹೇಳುವುದು ಕೊನೆಗೆ ಪ್ಯಾಕ್ ಮಾಡಿದ ಅಥವಾ ತಯಾರಿಸಿದ ಕಾರ್ಖಾನೆ ಯಾವುದು ಅಂತ. ಪ್ರಾಣಿ ಎಲ್ಲಿಯದು ಅಂತ ಅಲ್ಲ.

ಅನುಮಾನ ಬಂದರೆ ಜಗಳಕ್ಕೆ ಹೋಗಬೇಡಿ. ಉಳಿದ ಊಟವನ್ನು ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡಿ. ಪ್ಯಾಕೆಟ್, ರಸೀದಿ ಎರಡನ್ನೂ ಇಟ್ಟುಕೊಳ್ಳಿ, ಫೋಟೋ ತೆಗೆಯಿರಿ. ಆಮೇಲೆ ಊರಿನ ಕೌನ್ಸಿಲ್‌ನ ಆಹಾರ ವಿಭಾಗಕ್ಕೆ ದೂರು ಕೊಡಿ. ಆಹಾರ ಗುಣಮಟ್ಟ ಸಂಸ್ಥೆಯ ವೆಬ್‌ಸೈಟ್‌ನಿಂದಲೂ ಕಳಿಸಬಹುದು. ನಿಮ್ಮಲ್ಲಿ ಎಷ್ಟೋ ಜನ ರಾತ್ರಿ ಹೋಟೆಲ್ ಅಡುಗೆಮನೆಗಳಲ್ಲಿ ಕೆಲಸ ಮಾಡುತ್ತೀರಿ. ಅಲ್ಲಿ ಲೇಬಲ್ ಬದಲಾಯಿಸುವುದನ್ನೋ, ದನದ ಮಾಂಸವನ್ನು ಲ್ಯಾಂಬ್ ಎಂದು ಬಡಿಸುವುದನ್ನೋ ಕಂಡರೆ ಸುಮ್ಮನಿರಬೇಡಿ. ಕುದುರೆ ಪ್ರಕರಣದ ಮೇಲೆ ಬೆಲ್‌ಫಾಸ್ಟ್‌ನ ಕ್ರಿಸ್ ಎಲಿಯಟ್ ಎಂಬ ಪ್ರೊಫೆಸರ್ 2014ರಲ್ಲಿ ವರದಿ ಕೊಟ್ಟರು, ಅದರಿಂದ ರಾಷ್ಟ್ರೀಯ ಆಹಾರ ಅಪರಾಧ ಘಟಕ ಹುಟ್ಟಿತು. ಆ ಘಟಕದ 'ಫುಡ್ ಕ್ರೈಂ ಕಾನ್ಫಿಡೆನ್ಶಿಯಲ್' ಎಂಬ ವ್ಯವಸ್ಥೆಗೆ ಹೆಸರು ಹೇಳದೆಯೂ ತಿಳಿಸಬಹುದು.

ಬೇರೆಯವರ ತಟ್ಟೆ

ಕುದುರೆ ವಿಷಯ ಬಂದಾಗ ಮಕ್ಕಳು ಮುಖ ಸಿಂಡರಿಸುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಫ್ರಾನ್ಸಿನಲ್ಲಿ ಕುದುರೆ ಮಾಂಸಕ್ಕೇ ಬೇರೆ ಅಂಗಡಿಗಳಿವೆ, 1866ರಿಂದ ಅಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ. ಕಜಕಸ್ತಾನದಲ್ಲಿ ಹಬ್ಬದ ಊಟ. ಜಪಾನಿನ ಕುಮಾಮೊಟೊದಲ್ಲಿ ಹಸಿಯಾಗಿಯೇ ತೆಳ್ಳಗೆ ಕೊಯ್ದು ತಿನ್ನುತ್ತಾರೆ. ಬ್ರಿಟನ್ನಿನಲ್ಲೂ ಕುದುರೆ ಮಾಂಸ ಮಾರಬಾರದು ಎಂಬ ಕಾನೂನು ಇಲ್ಲ, ಕುದುರೆ ಎಂದು ಬರೆದು ಮಾರಬೇಕು ಅಷ್ಟೇ. ಇಲ್ಲಿನವರಿಗೆ ಕುದುರೆ ಮನೆಯ ಪ್ರಾಣಿ, ಹೆಸರಿಟ್ಟು ಕರೆಯುವಂಥದ್ದು. ಅದಕ್ಕೇ ಅಷ್ಟು ನೋವಾಯಿತು. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಅವತ್ತು ಕಣ್ಣೀರು ಹಾಕಿದ್ದು ನೋಡಿದ್ದೇನೆ. ನಮ್ಮ ಕೆಲವು ಮನೆಗಳಲ್ಲಿ ಹಸುವಿನ ಬಗ್ಗೆ ಇರುವ ಮನಸ್ಸೇ ಅದು ಎಂದು ಆಗ ಅರ್ಥವಾಯಿತು. ಹಂದಿಯ ಕುರುಹು ಸಿಕ್ಕ ಸುದ್ದಿ ಕೇಳಿ ನಮ್ಮ ಪಕ್ಕದ ಮನೆಯ ಭಟ್ಕಳದ ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಪ್ರಾಣಿ ಬೇರೆ ಬೇರೆ, ಸಂಕಟ ಒಂದೇ.

ಮಲೆನಾಡಿನ ಮಕ್ಕಳು ಹಾಸ್ಟೆಲ್‌ನಲ್ಲಿ ಚಗಳಿ ಚಟ್ನಿಯ ವಿಷಯ ಬಾಯಿ ಬಿಡುವುದಿಲ್ಲ, ಇರುವೆ ತಿನ್ನುತ್ತೀರಾ ಅಂತ ನಗುತ್ತಾರೆ ಎಂಬ ಭಯ. ಧೈರ್ಯವಾಗಿ ಹೇಳಿ. ಇ120 ಹಾಕಿದ ಗುಲಾಬಿ ಮಿಠಾಯಿ ತಿಂದವರೆಲ್ಲ ಹುಳದ ಬಣ್ಣ ತಿಂದವರೇ. ನಮ್ಮ ಹಾಸನದ ಕಡೆ ಏಡಿ ಸಾರು, ತಲೆ ಮಾಂಸ, ಬೋಟಿ ಗೊಜ್ಜು ಬಾಯಿ ಚಪ್ಪರಿಸಿ ತಿನ್ನುತ್ತೇವೆ, ಪಕ್ಕದ ಮನೆಯವರು ಅದರ ವಾಸನೆಗೇ ಬಾಗಿಲು ಹಾಕಿಕೊಳ್ಳುತ್ತಾರೆ. ಯಾರಾದರೂ ನಿಮಗೆ ಬ್ಲ್ಯಾಕ್ ಪುಡಿಂಗ್ ಕೊಟ್ಟರೆ "ಬೇಡ, ನಾನು ತಿನ್ನುವುದಿಲ್ಲ, ಥ್ಯಾಂಕ್ಸ್" ಎಂದರೆ ಸಾಕು. ಥೂ ಅನ್ನಬೇಡಿ. ನಿಮ್ಮ ಮನೆಗೆ ಊಟಕ್ಕೆ ಕರೆದಾಗ ಸಾರಿನಲ್ಲಿ ಏನಿದೆ ಎಂದು ಬಡಿಸುವ ಮುಂಚೆ ನೀವೇ ಹೇಳಿ.

ಕೈಮ ಎಲ್ಲಿ ತರಬೇಕು

ಕೊನೆಗೆ ಅತ್ತೆ ಕೇಳಿದ ಪ್ರಶ್ನೆಗೆ ನಾನು ಕಂಡುಕೊಂಡ ದಾರಿ. ಅವತ್ತಿನಿಂದ ಪ್ಯಾಕೆಟ್ ಮಿನ್ಸ್ ನಮ್ಮ ಮನೆಗೆ ಬಂದಿಲ್ಲ. ಲೀಡ್ಸ್‌ನ ಕರ್ಕ್‌ಗೇಟ್ ಮಾರ್ಕೆಟ್‌ನಲ್ಲಿ ಮಾಂಸದ ಅಂಗಡಿಗಳ ಸಾಲೇ ಇದೆ. ಹಲಾಲ್ ಬೇಕಾದವರು, ಮೇಕೆ ಮಾಂಸ ಬೇಕಾದವರು ಹೇರ್‌ಹಿಲ್ಸ್ ಕಡೆ ಹೋಗಿ. ನೆನಪಿಡಿ, ನಾವು ಮಟನ್ ಅನ್ನುವುದು ಮೇಕೆಗೂ ಸೇರಿ. ಇಲ್ಲಿ ಮಟನ್ ಅಂದರೆ ಬಲಿತ ಕುರಿ ಮಾತ್ರ. ಮೇಕೆ ಬೇಕಿದ್ದರೆ 'ಗೋಟ್' ಎಂದೇ ಕೇಳಬೇಕು.

ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದ ಹಾಗೆ ಹೋಗಿ. ಮಧ್ಯಾಹ್ನದ ಹೊತ್ತಿಗೆ ಅದೇ ಯಂತ್ರದಲ್ಲಿ ದನ, ಹಂದಿ ಎಲ್ಲ ಅರೆದಿರುತ್ತಾರೆ, ಹಿಂದಿನದು ಸ್ವಲ್ಪ ಒಳಗೆ ಉಳಿದೇ ಇರುತ್ತದೆ. ಕುರಿ ಭುಜದ ಮಾಂಸ, ಅಂದರೆ ಶೋಲ್ಡರ್, ಮುಕ್ಕಾಲು ಕಿಲೋ ಕೇಳಿ. ತುಂಡನ್ನು ಕಣ್ಣಾರೆ ನೋಡಿ. ಯಂತ್ರ ತೊಳೆದಿದೆಯಾ ಎಂದು ಕೇಳಿ, ನಿಮ್ಮ ಎದುರಿಗೇ ಎರಡು ಸಲ ಅರೆಸಿ. ಒಂದೇ ಸಲ ಅರೆದರೆ ಉಂಡೆ ನಿಲ್ಲುವುದಿಲ್ಲ. ಮನೆಗೆ ತಂದು ಮಸಾಲೆಯ ಜೊತೆ ಎರಡು ಹಿಡಿ ಹುರಿಗಡಲೆ ಪುಡಿ ಹಾಕಿ ಚೆನ್ನಾಗಿ ನಾದಿ, ನಿಂಬೆ ಗಾತ್ರದ ಉಂಡೆ ಕಟ್ಟಿ. ಸಾರು ಕುದಿ ಬಂದ ಮೇಲೆ ಒಂದೊಂದಾಗಿ ಬಿಡಿ. ಹತ್ತು ನಿಮಿಷ ಸೌಟು ಹಾಕಬೇಡಿ.